ಮೈಲುತುತ್ತ

ಕೀಲಿ ತಿರುವಿದರೆ ಒಂದೇ ಮಾತು: ಟಕ್.
ಆಮೇಲೆ ಗಪ್‌ಚಿಪ್.
ಔರಾದಿನ ದಾರಿ, ಮಾಂಜ್ರಾ ಸೇತುವೆ ದಾಟಿ ಒಂದು ಫರ್ಲಾಂಗು.
ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಇನ್ನೂರು ದನಗಳ ಕಾಲುಬಾಯಿ ಲಸಿಕೆ,
ಹೊರಗೆ ಬಿಸಿಲು.
ಕಬ್ಬು ಕಡಿಯುವ ಗ್ಯಾಂಗಿನವರು ಕುಡುಗೋಲು ಕೆಳಗಿಟ್ಟು ನೂಕಿದರು.
ಗೇರಿಗೆ ಬಿದ್ದು, ಕೆಮ್ಮಿ, ಹತ್ತಿಕೊಂಡಿತು
ಎಂಬತ್ತೊಂಬತ್ತರ ಜೀಪು,
ಇಲಾಖೆಯಲ್ಲಿ ನನಗಿಂತ ಸೀನಿಯರ್.

ಸಂತಪೂರದಲ್ಲಿ ಎಂಜಿನ್ ಆರಿಸದೆಯೇ ಸೂಜಿ ಚುಚ್ಚಿದೆ.
ಹೊಗೆಗೆ ಎಮ್ಮೆಯೊಂದು ಮುಖ ತಿರುವಿ ನಿಂತಿತ್ತು.

ಮರುದಿನ ಚಿದ್ರಿ ರೋಡು, ದಸ್ತಗೀರನ ಅಂಗಡಿ.
ಅಂಗಡಿ ಅಂದರೆ ಒಂದು ಬೇವಿನ ಗಿಡ, ಒಂದು ಚಾರ್ಜರು,
ಗೋಡೆಗೆ ಒರಗಿದ ಸತ್ತ ಬ್ಯಾಟರಿಗಳ ಸಾಲು.
ಬಾನೆಟ್ ಎತ್ತಿದವನು ಹುಣಸೆಕಾಯಿ ಕಚ್ಚಿದ ಮುಖ ಮಾಡಿದ.
"ಇದಕ ಮೊಳಿ ಯಾರು ಬಡದಾರ್ರೀ?"
ಕಿವಿ ಸಡಿಲಾಯಿತೆಂದು ಯಾವನೋ ಹಳೆ ಡ್ರೈವರು
ಸೀಸದ ಗೂಟದ ಪಕ್ಕಕ್ಕೆ ಎರಡಿಂಚಿನ ಮೊಳೆ ಸಿಕ್ಕಿಸಿದ್ದ,
ಸುತ್ತ ಗುಟ್ಕಾ ಚೀಟಿಯ ಬೇಗಡೆ.
ಅದರ ಮೇಲೆ ವರ್ಷಗಟ್ಟಲೆ ಬೆಳೆದ ಬೂಸ್ಟು,
ಮೈನಸ್ಸಿಗೆ ಬಿಳಿ, ಪ್ಲಸ್ಸಿಗೆ ನೀಲಿ.
ನಾನೋ ಸ್ಟಾರ್ಟರಿಗೆ ಬೈದಿದ್ದೆ, ಬ್ಯಾಟರಿಗೆ ಬೈದಿದ್ದೆ,
ಜಿಲ್ಲಾ ಕಚೇರಿಗೂ ಬೈದಿದ್ದೆ.
"ಬ್ಯಾಟ್ರಿ ಗಟ್ಟಿ ಅದ ಡಾಕ್ಟರಮ್ಮ. ಅದರ ಮಾತು ಹೊರಗ ಬರವಲ್ದು, ಅಷ್ಟ."
ಡಾಕ್ಟರಲ್ಲಪ್ಪ, ಇನ್‌ಸ್ಪೆಕ್ಟರು,
ಎಂದು ತಿದ್ದುವುದನ್ನು ನಾನು ಬಿಟ್ಟು ಬಹಳ ದಿನವಾಯಿತು.

ಮೊದಲು ಮೈನಸ್. ಯಾವತ್ತೂ ಮೊದಲು ಮೈನಸ್.
ಪಾನಾ ಬಾಡಿಗೆ ತಾಗಿ ಕಿಡಿ ಹಾರಿ ಒಂದು ಹುಬ್ಬು ಹೋದ ಕಥೆ
ಹೇಳುತ್ತ ಹೇಳುತ್ತ ಬಿಚ್ಚಿದ.
ಬಿಸಿನೀರಿಗೆ ಸೋಡಾ. ಬುಸ್ಸೆಂದು ನೊರೆ.
ಕೇಬಲ್ಲು ಸುಲಿದರೆ ಗೇಣುದ್ದ ಒಳಗೂ ತಾಮ್ರ ಕಪ್ಪಾಗಿತ್ತು,
ಕತ್ತರಿಸಿ ಎಸೆದ.
ಹೆಬ್ಬೆರಳ ದಪ್ಪದ ಹೊಸದು ಬಂತು, ತವರ ಕುಡಿದ ಲಗ್ಗು, ಹಿತ್ತಾಳೆಯ ಕಿವಿಗಳು.
ರೊಕ್ಕ ನನ್ನ ಪರ್ಸಿನದು.
ಬಿಲ್ಲು ಪಾಸಾಗುವ ಹೊತ್ತಿಗೆ ಜೀಪು ಹರಾಜಾಗಿರುತ್ತದೆ.
ಅರ್ಥಿಂಗ್ ಪಟ್ಟಿ ಚಾಸಿಗೆ ಕೂಡುವಲ್ಲಿ
ಬಣ್ಣ ಹೋಗಿ ಕಬ್ಬಿಣ ಹೊಳೆಯುವತನಕ ಕೆರೆದ,
ಒಂದು ಸಣ್ಣ ಉಳಿಯಿಂದ.

"ಅಬ್ಬಾಂದು."
ಅಬ್ಬಾ ಬಿದರಿ ಕೆಲಸದವ.
ಹುಕ್ಕಾದ ಹೊಟ್ಟೆಗೆ ಬಳ್ಳಿ ಕೊರೆಯುತ್ತಿದ್ದ ಉಳಿ ಅದು.
ಕಣ್ಣು ಮಂಜಾದಾಗ ಉಳಿಪೆಟ್ಟಿಗೆ ಮಗನಿಗೆ ಬಂತು,
ಕೆಲಸ ಬರಲಿಲ್ಲ.

ಚಿಂದಿಯ ಮೇಲೆ ಉದುರಿದ ನೀಲಿಯನ್ನು
ಒಂದು ಚಿಟಿಕೆ ತೆಗೆದ. ಬೆಳಕಿಗೆ ಹಿಡಿದ.
"ಮೈಲುತುತ್ತ ಇದು. ಅಬ್ಬಾ ರೊಕ್ಕ ಕೊಟ್ಟು ತರ್ತಿದ್ದ."
ಪೆಟ್ಟಿಗೆಯ ತಳದಲ್ಲಿ ತಡಕಾಡಿ
ಎಂಟಾಣೆಯಷ್ಟು ಅಗಲದ ಜಸ್ತದ ಬಿಲ್ಲೆ ಹುಡುಕಿದ,
ಹನಿ ನೀರು ಬಿಟ್ಟು, ನೀಲಿ ಹಾಕಿ, ಬೆರಳಿಂದ ತಿಕ್ಕಿದ.
ಕಂದೀಲಿನ ಗಾಜು ಹೊಗೆ ಹಿಡಿದ ಹಾಗೆ
ಬಿಲ್ಲೆ ಕಪ್ಪಾಯಿತು.
ಉಳಿಯ ತುದಿ ಅದರ ಮೇಲೆ ಓಡಿತು, ಬೆಳ್ಳಗೆ.
ನಾನು ಹೂವೇನಾದರೂ ಬಿಡಿಸುತ್ತಾನೆ ಅಂದುಕೊಂಡೆ.
ತಾರೀಖು ಬರೆದ: ಒಂಬತ್ತು, ಫೆಬ್ರವರಿ.
"ಈ ಕಪ್ಪು ನಿಲ್ಲೂದಿಲ್ಲ. ನಿಲ್ಲಬೇಕಂದ್ರ
ಕೋಟಿ ಮಣ್ಣು ಬೇಕು, ನವಸಾಗರ ಬೇಕು.
ಇದು ಅಳಿಸೂದ್ರಾಗ ಒಮ್ಮೆ ಬಾನೆಟ್ ಎತ್ತಿ ನೋಡ್ರಿ."

ಗೂಟಕ್ಕೊಂದು ಎಣ್ಣೆಯಲ್ಲಿ ನೆನೆದ ಕಂಬಳಿಯ ಬಳೆ,
ಹೆಂಡತಿ ನೂರಜಹಾನ ಕತ್ತರಿಸಿ ಕೊಟ್ಟದ್ದು.
ಈಗ ಮೊದಲು ಪ್ಲಸ್, ಕಡೆಗೆ ಮೈನಸ್.
ಚಳಿಗಾಲದಲ್ಲಿ ಮಗುವಿನ ತುಟಿಗೆ ಸವರುವ ಡಬ್ಬಿಯಿಂದಲೇ
ಒಂದು ಬೆರಳು ಜೆಲ್ಲಿ.
ಪ್ಲಸ್ಸಿಗೆ ಕೆಂಪು ರಬ್ಬರಿನ ಟೊಪ್ಪಿಗೆ.
ಮೈನಸ್ಸಿನದು ಸ್ಟಾಕಿಲ್ಲ.

ಕೀಲಿ ತಿರುವಿದೆ.
ಬೇವಿನ ಗಿಡದ ಕಾಗೆಗಳು ಒಮ್ಮೆಲೇ ಎದ್ದವು.

ಈಗ ಜುಲೈ. ಎರೆಮಣ್ಣು ಮಡ್ಗಾರ್ಡಿನ ತನಕ.
ಕನ್ನಡಿಗೆ ಕಟ್ಟಿದ ಬಿಲ್ಲೆಯಲ್ಲಿ ಒಂಬತ್ತು ಹೋಗಿದೆ,
ಫೆಬ್ರವರಿಯ ಬಾಲ ಅಷ್ಟೇ ಉಳಿದಿದೆ.
ಕಮಲನಗರದ ಕಚ್ಚಾ ದಾರಿಯಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ.
ಬಿಳಿಯಿಲ್ಲ, ನೀಲಿಯಿಲ್ಲ.
ಟೊಪ್ಪಿಗೆಯಿಲ್ಲದ ಮೈನಸ್ಸಿನ ಜೆಲ್ಲಿಯಲ್ಲಿ
ಒಂದು ಕೆಂಪಿರುವೆ, ಆರೂ ಕಾಲು ಊರಿ,
ಎಲ್ಲಿಗೋ ಹೊರಟದ್ದು.